ಮೈಸೂರಿನ ಜಗನ್ಮೋಹನ ಚಿತ್ರಶಾಲೆ

ಸಂಸ್ಕೃತ ರೂಪಕಗಳನ್ನು ಓದಿದವರಿಗೆ ‘ಚಿತ್ರಶಾಲೆ’ ಎಂಬ ಮಾತು ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಕಥೆಗೆ ಬೀಜ ಬಿದ್ದುದೇ ಚಿತ್ರಶಾಲೆಯಲ್ಲಿ. ಬಣ್ಣ ಇನ್ನೂ ಆರದ ಚಿತ್ರವೊಂದನ್ನು ರಾಣಿ ಧಾರಿಣಿ ನೋಡುತ್ತಿರುವಾಗ ಅಗ್ನಿಮಿತ್ರನು ಅಲ್ಲಿಗೆ ಬರುತ್ತಾನೆ. ಚಿತ್ರದಲ್ಲಿ ರಾಣಿಯ ಪರಿವಾರದ ನಡುವೆ ನಿಂತ ಹೊಸ ಹುಡುಗಿಯನ್ನು ಕಂಡು ಇವಳಾರೆಂದು ಕೇಳುತ್ತಾನೆ. ರಾಣಿ ಮಾತನ್ನು ತೇಲಿಸುತ್ತಾಳೆ. ಏನೂ ಅರಿಯದ ವಸುಲಕ್ಷ್ಮಿಯೆಂಬ ಮಗು ಹೆಸರನ್ನು ಹೇಳಿಬಿಡುತ್ತದೆ. ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕವಂತೂ ಚಿತ್ರದರ್ಶನಾಂಕವೆಂದೇ ಪ್ರಸಿದ್ಧವಾಗಿದೆ. ತಂದೆಯು ಊರಿಗೆ ಹಿಂದಿರುಗಿದುದರಿಂದ ಖಿನ್ನಳಾದ ಸೀತೆಯ ಮನಸ್ಸನ್ನು ಬೇರೆಡೆಗೆ ತಿರುಗಿಸಲೆಂದು ಲಕ್ಷ್ಮಣನು ಅವಳ ಬಾಳಿನ ಕಥೆಯನ್ನೇ ಬರೆಯಿಸಿದ ಚಿತ್ರಗಳನ್ನು ತೋರಿಸುತ್ತಾನೆ. ಶೂರ್ಪಣಖಿಯ ಚಿತ್ರ ಬಂದೊಡನೆ ಸೀತೆ ನಡುಗುತ್ತಾಳೆ. ಇದು ಚಿತ್ರವಷ್ಟೇ ಎಂದು ರಾಮನು ಸಂತೈಸಬೇಕಾಗುತ್ತದೆ. ಆದರೆ ಆ ಚಿತ್ರಗಳನ್ನು ನೋಡಿದ್ದರಿಂದಲೇ ಅವಳಿಗೆ ಮತ್ತೆ ಕಾಡನ್ನು ನೋಡುವ ಬಯಕೆ ಹುಟ್ಟಿತು, ಆ ಬಯಕೆಯೇ ಅವಳನ್ನು ಕಾಡಿಗೆ ಬಿಟ್ಟು ಬರಲು ನೆಪವಾಯಿತು ಎಂಬುದನ್ನು ನೆನೆದರೆ, ಚಿತ್ರವಷ್ಟೇ ಎಂಬ ರಾಮನ ಮಾತು ಎಷ್ಟು ದೂರ ನಿಲ್ಲುವುದೆಂಬುದು ಸಹೃದಯರಿಗೆ ತಿಳಿದೇ ಇದೆ.

ಈ ಎರಡು ಚಿತ್ರಶಾಲೆಗಳೂ ಅರಮನೆಯ ಒಳಗಿನವು. ಅಲ್ಲಿ ನೋಡುವವರು ರಾಜನು, ರಾಣಿ, ರಾಜನ ತಮ್ಮ, ಹೆಚ್ಚೆಂದರೆ ವಿದೂಷಕ. ಶಾಸ್ತ್ರಗಳಲ್ಲಿ ಅಧಿಕಾರಿಯಾರು ಎಂಬ ಪ್ರಶ್ನೆಯನ್ನು ಮೊದಲು ಎತ್ತುವುದು ನಮ್ಮ ಸಂಪ್ರದಾಯ. ಚಿತ್ರವನ್ನು ನೋಡುವ ವಿಷಯದಲ್ಲಿಯೂ ಅಧಿಕಾರವಿದ್ದಿತು, ಅದು ಬಹುಮಟ್ಟಿಗೆ ಅರಮನೆಯ ಹೊಸ್ತಿಲಲ್ಲಿ ತಡೆದು ನಿಂತಿತ್ತು. ದೇವಾಲಯದ ಭಿತ್ತಿಗಳ ಮಾತು ಬೇರೆ. ಆ ಹೊಸ್ತಿಲನ್ನು ಚಿತ್ರಗಳು ದಾಟಿದ ಬಗೆಯನ್ನು ಒಂದೇ ಕಟ್ಟಡದಲ್ಲಿ ನಿಂತು ಕಾಣಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಅಲ್ಲಿಯ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯನ್ನು ಯಾತ್ರಿಕರು ದಿನವೂ ನೋಡುತ್ತಾರೆ. ಸಾಹಿತ್ಯವನ್ನು ಪಾಠ ಹೇಳುವ ನಾವು ಅದನ್ನು ಓದಬೇಕಾದಷ್ಟು ಓದಿಲ್ಲವೆಂಬುದು ನನ್ನ ಅಭಿಪ್ರಾಯ. ಪ್ರಕೃತ ಲೇಖನಕ್ಕೆ ಅದೇ ಕಾರಣ.

ಕಟ್ಟಡದ ಕಥೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆರಂಭಿಸಬೇಕು. ಕ್ರಿ. ಶ. ೧೭೯೪ರಲ್ಲಿ ಹುಟ್ಟಿದ ಇವರು, ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗ ಸಿಂಹಾಸನವೇರಿದರು. ೧೮೩೧ರಲ್ಲಿ ಇಂಗ್ಲೀಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಅರಸರಿಗೆ ೩೭ ವರ್ಷ ವಯಸ್ಸು. ೧೮೬೮ರಲ್ಲಿ ತೀರಿಕೊಳ್ಳುವ ವರೆಗೆ, ಹೆಚ್ಚುಕಡಮೆ ಅಷ್ಟೇ ವರ್ಷಗಳನ್ನು, ಅವರು ಆಳದ ಅರಸರಾಗಿ ಬಾಳಿದರು. ರಾಜ್ಯ ಹೋಯಿತು, ಆಸ್ಥಾನ ಉಳಿಯಿತು. ಕವಿಗಳು, ಪಂಡಿತರು, ಗಾಯಕರು, ಚಿತ್ರಗಾರರು ಆ ಆಸ್ಥಾನಕ್ಕೆ ಬಂದು ಸೇರಿದರು. ನಮ್ಮ ಸಾಹಿತ್ಯಚರಿತ್ರೆಗಳು ಈ ಕಾಲವನ್ನು ಗ್ರಂಥಗಳ ಪಟ್ಟಿಯಿಂದ ಅಳೆಯುತ್ತವೆ. ಅದು ತಪ್ಪಲ್ಲ, ಆದರೆ ಅರ್ಧ ಅಳತೆ. ಆ ಆಸ್ಥಾನದಲ್ಲಿ ಲೇಖನಿಯೂ ಕುಂಚವೂ ಒಂದೇ ಮಣೆಯ ಮೇಲೆ ಕುಳಿತು ಕೆಲಸಮಾಡಿದವು.

ಇದಕ್ಕೆ ಶ್ರೀತತ್ತ್ವನಿಧಿಯೇ ಸಾಕ್ಷಿ. ಮುಮ್ಮಡಿಯವರ ಹೆಸರಿನಲ್ಲಿ ಸಂಕಲಿತವಾದ ಈ ಮಹಾಗ್ರಂಥದಲ್ಲಿ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ, ಕೌತುಕನಿಧಿ ಎಂದು ಒಂಬತ್ತು ಭಾಗಗಳಿವೆ. ಪುರಾಣಾಗಮಗಳಿಂದ ದೇವತೆಯ ಧ್ಯಾನಶ್ಲೋಕವನ್ನು ಎತ್ತಿ ಬರೆದು, ಆ ಶ್ಲೋಕವು ಹೇಳಿದ ಮೈಬಣ್ಣ, ಭುಜಗಳ ಸಂಖ್ಯೆ, ಆಯುಧಗಳು, ವಾಹನ, ಮುದ್ರೆ ಇವುಗಳನ್ನು ಒಂದೂ ಬಿಡದೆ ಚಿತ್ರದಲ್ಲಿ ತೋರಿಸುವುದು ಅದರ ಕ್ರಮ. ಎಂದರೆ, ಅಲ್ಲಿ ಶ್ಲೋಕವು ಲಕ್ಷಣ, ಚಿತ್ರವು ಲಕ್ಷ್ಯ. ಲಕ್ಷಣಕ್ಕೆ ಹೊರಗಾದ ಲಕ್ಷ್ಯವು ದೋಷವೇ ಹೊರತು ಸ್ವಾತಂತ್ರ್ಯವಲ್ಲ. ಕೌತುಕನಿಧಿಯಲ್ಲಿ ಅರಸರು ತಾವೇ ಕಲ್ಪಿಸಿದ ಗಂಜೀಫಾ ಎಲೆಗಳ ಆಟಗಳೂ ಯೋಗಾಸನಗಳ ಚಿತ್ರಗಳೂ ಸೇರಿವೆ. ಇದರೊಳಗಿನ ೧೨೨ ಆಸನಗಳ ಚಿತ್ರಗಳು ೧೯೯೬ರಲ್ಲಿ ಪ್ರಕಟವಾದಾಗ, ಆಧುನಿಕ ಯೋಗಾಭ್ಯಾಸದ ಚರಿತ್ರೆಯನ್ನು ಬರೆಯುವವರು ಅವುಗಳನ್ನು ಹುಡುಕಿಕೊಂಡು ಬರುವಂತಾಯಿತು. ಆಟದ ಪ್ರಕರಣವೆಂದು ಪಂಡಿತರು ಬದಿಗಿಟ್ಟ ಹಾಳೆಗಳಿಗೆ ಬಂದ ಬೆಲೆ ಇದು!

ಆ ಕಾಲದ ಮೈಸೂರು ಚಿತ್ರಗಾರನ ಕೆಲಸವನ್ನು ಎರಡು ಮಾತಿನಲ್ಲಿ ಹೇಳುವುದಾದರೆ: ಮರದ ಹಲಗೆಯ ಮೇಲೆ ಬಟ್ಟೆ, ಅದರ ಮೇಲೆ ಕಾಗದವನ್ನು ಅಂಟಿಸಿ ನೆಲೆಯನ್ನು ಸಿದ್ಧಮಾಡುವನು, ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆಯನ್ನೆಳೆಯುವನು, ಸೂಕ್ಷ್ಮವಾದ ಕೆಲಸಕ್ಕೆ ಅಳಿಲಿನ ಕೂದಲಿನ ಕುಂಚ. ಆಭರಣ, ಜರಿ, ಮಂಟಪಗಳ ಜಾಗದಲ್ಲಿ ಮಕ್ಕಿಸಫೇದದ ಲೇಪವನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವನು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಹರಳುಗಳೂ ಉಂಟು. ಮೈಸೂರಿನದು ಮುಟ್ಟಿದರೆ ಮಾತ್ರ ತಿಳಿಯುವಷ್ಟು ಮಿತವಾದುದು. ಈ ಮಿತಿಯನ್ನು ನಾನು ಗುಣವೆಂದೇ ಎಣಿಸುತ್ತೇನೆ. ಕರ್ಣಾಟದೇಶದಲ್ಲಿ ಚಿತ್ರಶಾಸ್ತ್ರಕ್ಕೆ ಇದೇನೂ ಮೊದಲಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಮಾನಸೋಲ್ಲಾಸದಲ್ಲಿ ಭಿತ್ತಿಯನ್ನು ನಯಮಾಡುವುದು, ವಜ್ರಲೇಪವನ್ನು ಕಾಯಿಸುವುದು, ವರ್ಣಗಳನ್ನು ಕೂಡಿಸುವುದು ಇವನ್ನೆಲ್ಲ ವಿವರಿಸಿರುವನು. ಆದರೆ ಸೋಮೇಶ್ವರನು ಹೇಳಿದ ಗೋಡೆಗಳು ಈಗ ಇಲ್ಲ. ಮುಮ್ಮಡಿಯವರ ಗೋಡೆಗಳು ಇವೆ.

ಹಳೆಯ ಅರಮನೆಗೆ ಸಮೀಪದಲ್ಲಿ ಜಗನ್ಮೋಹನ ಅರಮನೆಯು ಸಿದ್ಧವಾದುದು ೧೮೬೧ರಲ್ಲಿ. ಈಗ ಎದುರಿಗೆ ಕಾಣುವ, ಗಾರೆಯ ಅಲಂಕಾರಗಳಿಂದ ತುಂಬಿದ ಮುಖಭಾಗವನ್ನು ನೋಡಿ ಎಲ್ಲರೂ ಬೆರಗಾಗುವರು. ಇತಿಹಾಸದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು ಒಳಗಿನ ಭಿತ್ತಿ. ರಂಗಮಹಲು ಎಂದು ಕರೆಯುವ ಭಾಗದ ಗೋಡೆಗಳ ಮೇಲೆ ಸಾಂಪ್ರದಾಯಿಕ ಶೈಲಿಯ ಚಿತ್ರಗಳಿವೆ. ದಸರೆಯ ಮೆರವಣಿಗೆ ಸಾಲುಸಾಲಾಗಿ ಸಾಗುತ್ತದೆ. ಒಡೆಯರ ವಂಶಾವಳಿ ಹರಡಿಕೊಳ್ಳುತ್ತದೆ. ಸಂತಾನವನ್ನು ತಾವರೆಯ ಎಸಳುಗಳಾಗಿ ತೋರಿಸುವ ‘ಸಂತಾನಾಂಬುಜ’ವೆಂಬ ಚಿತ್ರಕಲ್ಪನೆಯೂ ಮುಮ್ಮಡಿಯವರ ಆಸ್ಥಾನದಲ್ಲಿಯೇ ಹುಟ್ಟಿದುದು.

ವಂಶಾವಳಿಯನ್ನು ಬರೆಯಿಸುವುದು ಅರಸರಿಗೆ ಸಹಜವೆಂದು ನಾವು ಮುಂದೆ ನಡೆದುಬಿಡಬಹುದು. ಕಾಲವನ್ನು ಸ್ವಲ್ಪ ಗಮನಿಸಬೇಕು. ಔರಸಪುತ್ರನಿಲ್ಲದ ಸಂಸ್ಥಾನಗಳನ್ನು ಇಂಗ್ಲೀಷ್ ಕಂಪೆನಿಯು ಒಂದೊಂದಾಗಿ ನುಂಗಿದ ದಶಕವು ಆಗ ತಾನೇ ಮುಗಿದಿತ್ತು. ಮುಮ್ಮಡಿಯವರಿಗೆ ಸಿಂಹಾಸನಕ್ಕೆ ಬರತಕ್ಕ ಔರಸಪುತ್ರನಿರಲಿಲ್ಲ. ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಅವರು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡುದು ೧೮೬೫ರಲ್ಲಿ. ಲಂಡನ್ನಿನ ಸರ್ಕಾರವು ಆ ದತ್ತಕವನ್ನು ಒಪ್ಪಿದುದು ೧೮೬೭ರಲ್ಲಿ. ರಾಜ್ಯವು ಮನೆತನಕ್ಕೆ ಮರಳಿದುದು ೧೮೮೧ರಲ್ಲಿ, ಮುಮ್ಮಡಿಯವರು ತೀರಿಹೋಗಿ ಹದಿಮೂರು ವರ್ಷಗಳಾದ ಮೇಲೆ. ಇಂಥ ಕಾಲದಲ್ಲಿ ತಾವರೆಯ ಎಸಳುಗಳಲ್ಲಿ ವಂಶವನ್ನು ಅರಳಿಸುವುದು ಬರಿಯ ಅಲಂಕಾರವಲ್ಲ. ನನ್ನ ಮಟ್ಟಿಗೆ ಅದೂ ಒಂದು ಅರ್ಜಿಯೇ, ಬಣ್ಣದಲ್ಲಿ ಬರೆದದ್ದು. ದಸರೆಯ ಮೆರವಣಿಗೆಯ ಚಿತ್ರವೂ ಹಾಗೆಯೇ. ಆಳುವ ಅಧಿಕಾರವನ್ನು ಕಳೆದುಕೊಂಡ ಅರಸನು ಆನೆ ಕುದುರೆ ಕಾಲಾಳುಗಳ ಪೂರ್ಣ ಪರಿವಾರದೊಡನೆ ಗೋಡೆಯ ಮೇಲೆ ಹೊರಡುತ್ತಾನೆ. ಶಾಸನಗಳಲ್ಲಿ ಬಿರುದಾವಳಿಯನ್ನು ಓದಿ, ಇದರಲ್ಲಿ ನಿಜವೆಷ್ಟು, ಹಂಬಲವೆಷ್ಟು ಎಂದು ತೂಗುವ ವಿದ್ವಾಂಸರು ಈ ಗೋಡೆಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬಹುದಾಗಿದೆ.

ಮುಂದಿನ ನಲವತ್ತು ವರ್ಷಗಳ ಕಥೆ ಬೇಗ ಮುಗಿಯುತ್ತದೆ. ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಹೊಸ ಅರಮನೆ ಮುಗಿದುದು ೧೯೧೨ರಲ್ಲಿ. ನಡುವಣ ಕಾಲದಲ್ಲಿ ರಾಜಪರಿವಾರಕ್ಕೆ ಜಗನ್ಮೋಹನವೇ ಮನೆಯಾಯಿತು. ೧೯೦೨ರ ಆಗಸ್ಟ್ ೮ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕರ್ಜನ್ ಪ್ರಭುವಿನ ಸಮಕ್ಷದಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡುದು ಇಲ್ಲಿಯೇ. ಮುಂಭಾಗದ ವಿಶಾಲವಾದ ಸಭಾಮಂಟಪದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲಿನ ಘಟಿಕೋತ್ಸವಗಳೂ ಸಂಗೀತ ಕಚೇರಿಗಳೂ ನಡೆದುವು. ಹೊಸ ಅರಮನೆ ಸಿದ್ಧವಾದಮೇಲೆ ಈ ಕಟ್ಟಡವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಿರಲೇಬೇಕು. ಅನೇಕ ಸಂಸ್ಥಾನಗಳಲ್ಲಿ ಇಂಥ ಎರಡನೆಯ ಅರಮನೆಗಳು ಅತಿಥಿಗೃಹಗಳಾದುವು, ಇಲ್ಲವೆ ಕಚೇರಿಗಳಾದುವು, ಇಲ್ಲವೆ ಬಾವಲಿಗಳಿಗೆ ಮನೆಯಾದುವು. ನಾಲ್ವಡಿಯವರು ಇದನ್ನು ೧೯೧೫ರಲ್ಲಿ ಚಿತ್ರಶಾಲೆಯನ್ನಾಗಿ ಮಾಡಿದರು. ತಿರುವನಂತಪುರದ ಶ್ರೀಚಿತ್ರಾಲಯವು ತೆರೆದುದು ೧೯೩೫ರಲ್ಲಿ ಎಂಬುದನ್ನು ನೋಡಿದರೆ, ದಕ್ಷಿಣದೇಶದಲ್ಲಿ ಇದು ಎಷ್ಟು ಮುಂಚಿನ ಪ್ರಯತ್ನವೆಂಬುದು ಗೊತ್ತಾಗುವುದು.

ಇಪ್ಪತ್ತರ ದಶಕದಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರ ಸಲಹೆಯಿಂದ ವಂಗದೇಶದ ಹೊಸ ಸಂಪ್ರದಾಯದ ಚಿತ್ರಗಳು ಇಲ್ಲಿಗೆ ಬಂದುವು. ಅವನೀಂದ್ರನಾಥ ಠಾಕೂರರ ಕೃತಿಗಳು ಅವುಗಳಲ್ಲಿ ಮುಖ್ಯವಾದವು. ನಮ್ಮ ಸಾಹಿತ್ಯದ ಅಧ್ಯಾಪಕರಿಗೆ ಕಸಿನ್ಸರ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ: ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಅವರಿಗೆ ತರುಣ ಕೆ. ವಿ. ಪುಟ್ಟಪ್ಪನವರು ತಮ್ಮ ಇಂಗ್ಲೀಷ್ ಕವಿತೆಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಅವರು ಹೇಳಿದರು. ಕವಿಗೆ ಕೊಟ್ಟ ಬುದ್ಧಿವಾದವನ್ನೂ ಚಿತ್ರಶಾಲೆಗೆ ಕೊಟ್ಟ ಸಲಹೆಯನ್ನೂ ಕೂಡಿಸಿ ಓದಿದವರು ನನಗೆ ತಿಳಿದಂತೆ ವಿರಳ. ಎರಡರ ಹಿಂದೆಯೂ ಇದ್ದುದು ಒಂದೇ ನಂಬಿಕೆ: ಎರವಲು ಮಾತಿನಲ್ಲಿ, ಎರವಲು ರೇಖೆಯಲ್ಲಿ ಒಂದು ಜನಾಂಗದ ಮನಸ್ಸು ಪೂರ್ಣವಾಗಿ ಹೊರಬರಲಾರದು. ಅವನೀಂದ್ರರ ಬಳಿ ಕಲಿಯಲು ನಾಲ್ವಡಿಯವರು ಕಲ್ಕತ್ತೆಗೆ ಕಳುಹಿದ ನಮ್ಮ ಕೆ. ವೆಂಕಟಪ್ಪನವರೂ ಇದೇ ಪಂಕ್ತಿಗೆ ಸೇರಿದವರು. ಅವರ ಪ್ರಕೃತಿಚಿತ್ರಗಳನ್ನು ನೋಡಬೇಕಾದವರು ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿರುವ ಚಿತ್ರಶಾಲೆಗೆ ಹೋಗಬೇಕು.

ಆದರೆ ಜಗನ್ಮೋಹನಕ್ಕೆ ಹೋಗುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೋಗುವುದು ರಾಜಾ ರವಿವರ್ಮನ ಹೆಸರನ್ನು ಕೇಳಿ. ಕಿಳಿಮಾನೂರಿನಲ್ಲಿ ೧೮೪೮ರಲ್ಲಿ ಹುಟ್ಟಿದ ಈತನು ೧೮೮೫ರಲ್ಲಿಯೇ ಚಾಮರಾಜ ಒಡೆಯರ ಕರೆಯ ಮೇಲೆ ಮೈಸೂರಿಗೆ ಚಿತ್ರಗಳನ್ನು ಬರೆದವನು. ಬಾಳಿನ ಕೊನೆಯ ವರ್ಷಗಳಲ್ಲಿ, ೧೯೦೪ರಿಂದ ೧೯೦೬ರ ವರೆಗೆ, ನಾಲ್ವಡಿಯವರಿಗಾಗಿ ಪುರಾಣವಿಷಯಕವಾದ ಚಿತ್ರಗಳ ಮಾಲೆಯೊಂದನ್ನು ಕೈಕೊಂಡನು. ಆ ಕೆಲಸದ ನಡುವೆಯೇ ೧೯೦೫ರ ಆದಿಯಲ್ಲಿ, ಜೀವಮಾನವೆಲ್ಲ ಜೊತೆಯಲ್ಲಿ ಕುಂಚ ಹಿಡಿದಿದ್ದ ತಮ್ಮ ರಾಜರಾಜವರ್ಮನು ತೀರಿಕೊಂಡನು. ೧೯೦೬ರ ಅಕ್ಟೋಬರಿನಲ್ಲಿ ರವಿವರ್ಮನೂ ಹೋದನು. ಆದುದರಿಂದ ಮೈಸೂರಿನ ಪುರಾಣಚಿತ್ರಗಳು ಅವನ ಕೈಯ ಕಡೆಯ ದೊಡ್ಡ ಕೆಲಸ. ಸಮುದ್ರರಾಜನ ಮೇಲೆ ಬಿಲ್ಲೆಳೆದ ಶ್ರೀರಾಮ, ಕೌರವಸಭೆಗೆ ಸಂಧಿಗೆ ಬಂದ ಶ್ರೀಕೃಷ್ಣ ಇವು ಆ ಮಾಲೆಯವು. ಅದಕ್ಕೆ ಮೊದಲಿನದಾದ, ನಾನಾ ದೇಶದ ಉಡುಗೆಯ ಹನ್ನೊಂದು ಮಂದಿ ಸ್ತ್ರೀಯರು ವಾದ್ಯಗಳೊಡನೆ ಸೇರಿದ ಗಾಯಕಿಯರ ಚಿತ್ರವೂ ಇಲ್ಲಿಯೇ ಇದೆ.

ನಾನು ಪಾಠಶಾಲೆಯಲ್ಲಿ ಕಾವ್ಯತರಗತಿಯಲ್ಲಿದ್ದಾಗ, ಸುಮಾರು ನಲವತ್ತು ವರ್ಷಗಳ ಹಿಂದೆ, ನಮ್ಮ ಗುರುಗಳೊಬ್ಬರು ಈ ಚಿತ್ರಗಳನ್ನು ನೋಡಲು ಹೋಗಕೂಡದೆಂದು ಹೇಳುತ್ತಿದ್ದರು. ‘ಅದು ಧ್ಯಾನಕ್ಕೂ ಬರದು, ಪೂಜೆಗೂ ಬರದು, ರಾಮನೆಂದು ಬರೆದು ನಾಟಕದ ವೇಷಧಾರಿಯನ್ನು ನಿಲ್ಲಿಸಿದ್ದಾನೆ’ ಎಂಬುದು ಅವರ ಆಕ್ಷೇಪ. ಹೋಗಕೂಡದೆಂದ ಮೇಲೆ ನಾವು ಹೋಗದೆ ಇರಲಿಲ್ಲ. ಹೋಗಿ ನೋಡಿದಾಗ ಗುರುಗಳ ಮಾತು ಸರಿಯೆಂದೂ ತೋರಿತು, ತಪ್ಪೆಂದೂ ತೋರಿತು. ಶ್ರೀತತ್ತ್ವನಿಧಿಯ ಲೆಕ್ಕದಿಂದ ನೋಡಿದರೆ ಅವರ ಆಕ್ಷೇಪಕ್ಕೆ ಉತ್ತರವಿಲ್ಲ. ಅಲ್ಲಿ ದೇವತೆಗೆ ಕಾಲವಿಲ್ಲ. ಒಂದು ಕ್ಷಣದ ಕೋಪವಾಗಲಿ, ಗಾಳಿಗೆ ಹಾರುವ ಉತ್ತರೀಯವಾಗಲಿ ಆ ರೂಪವನ್ನು ಮುಟ್ಟಲಾರದು. ರವಿವರ್ಮನು ಬರೆದುದು ದೇವತೆಯ ರೂಪವನ್ನಲ್ಲ, ಕಥೆಯ ಒಂದು ಕ್ಷಣವನ್ನು. ಕ್ಷಣವನ್ನು ಬರೆಯಬೇಕಾದರೆ ಮುಖದಲ್ಲಿ ಭಾವ ಬೇಕು, ಮೈಯಲ್ಲಿ ಭಾರ ಬೇಕು, ನೆರಳು ಬೀಳಬೇಕು. ವೇಷಧಾರಿಯೆಂಬ ಮಾತೇನೋ ನಿಜ. ಆದರೆ ವೇಷಧಾರಿಯಿಲ್ಲದೆ ನಾಟ್ಯವೆಲ್ಲಿ?

ಶಾಸ್ತ್ರವೂ ಈ ದಿಕ್ಕಿಗೆ ಪೂರ್ತಿ ಬಾಗಿಲು ಮುಚ್ಚಿಲ್ಲ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ಪ್ರತಿಮಾಲಕ್ಷಣವನ್ನು ಕೇಳಬಂದ ವಜ್ರರಾಜನಿಗೆ ಮಾರ್ಕಂಡೇಯರು, ಚಿತ್ರವನ್ನರಿಯದವನಿಗೆ ಅದು ತಿಳಿಯದು, ನೃತ್ತವನ್ನರಿಯದವನಿಗೆ ಚಿತ್ರವು ತಿಳಿಯದು ಎಂದು ಹಿಂದುಹಿಂದಕ್ಕೆ ಕರೆದೊಯ್ಯುತ್ತಾರೆ. ಕೊನೆಗೆ ವಾದ್ಯ ಗೀತಗಳ ವರೆಗೆ ಆ ಸರಪಳಿ ಹೋಗುತ್ತದೆ. ಅಲ್ಲಿಯೇ ಚಿತ್ರಕ್ಕೂ ನವರಸಗಳನ್ನು ಹೇಳಿ, ಶೃಂಗಾರ ಹಾಸ್ಯ ಶಾಂತಗಳನ್ನು ಮಾತ್ರ ಮನೆಗಳಲ್ಲಿ ಬರೆಯಬಹುದು, ಉಳಿದವು ದೇವಾಲಯಕ್ಕೂ ರಾಜಸಭೆಗೂ ಸಲ್ಲುವುವು ಎಂದು ವ್ಯವಸ್ಥೆ ಮಾಡಿದೆ. ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ಇಟ್ಟಮೇಲೆ ನಡೆದುದೇನು? ರಾಜಸಭೆಗೆ ತಕ್ಕ ರಸಗಳೆಲ್ಲ ಅಗ್ಗದ ಬೆಲೆಗೆ ಮನೆಮನೆಯ ಗೋಡೆಗೆ ಬಂದುವು. ಲಕ್ಷ್ಮಿ ಸರಸ್ವತಿಯರು ದೇವರ ಮನೆಗೆ ಹೋದರು, ಪೂಜೆಯನ್ನೂ ಪಡೆದರು. ಪೂಜೆಗೆ ಬರದೆಂದ ನಮ್ಮ ಗುರುಗಳ ಮನೆಯಲ್ಲಿಯೇ ಆ ಲಕ್ಷ್ಮಿಗೆ ಶುಕ್ರವಾರ ಹೂವೇರುತ್ತಿದ್ದುದನ್ನು ನಾವು ಕಂಡಿದ್ದೆವು. ಈಗ ಶಾಕುಂತಲವನ್ನು ಪಾಠ ಹೇಳುವಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ನಿಲ್ಲುವ ಶಕುಂತಲೆ ಕಾಳಿದಾಸನವಳಲ್ಲ. ಕಾಲಿನ ಮುಳ್ಳನ್ನು ನೋಡುವ ನೆವದಿಂದ ಹಿಂದಿರುಗಿದ ರವಿವರ್ಮನ ಶಕುಂತಲೆ. ಅದನ್ನು ಅರಿಯದೆ ನಾವು ಶ್ಲೋಕಕ್ಕೆ ಅರ್ಥ ಹೇಳುತ್ತಿರುತ್ತೇವೆ. ವ್ಯಾಖ್ಯಾನಗಳಲ್ಲಿ ಮಲ್ಲಿನಾಥನಿಗೂ ರಾಘವಭಟ್ಟನಿಗೂ ಕೊಡುವ ಗಮನವನ್ನು ಈ ಮೂಕ ವ್ಯಾಖ್ಯಾನಕ್ಕೂ ಕೊಡಬೇಕಾಗಿದೆ. ಅಚ್ಚಿನ ಪಟಗಳಲ್ಲಿ ಅದನ್ನು ಪರೀಕ್ಷಿಸಲಾಗದು, ಮೂಲವಿರುವಲ್ಲಿಗೆ ಹೋಗಬೇಕು. ಮುಮ್ಮಡಿಯವರ ಭಿತ್ತಿ, ರವಿವರ್ಮನ ತೈಲಚಿತ್ರ, ಅವನೀಂದ್ರರ ತೆಳುಬಣ್ಣ ಈ ಮೂರನ್ನೂ ಒಂದೇ ಮಾಡಿನ ಕೆಳಗೆ ಒಂದು ಗಂಟೆಯಲ್ಲಿ ನೋಡುವ ಸೌಕರ್ಯ ಜಗನ್ಮೋಹನದಲ್ಲಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಚಿತ್ರಶಾಲೆಯಲ್ಲಿ ಎಲ್ಲರೂ ಮುಗಿಬಿದ್ದು ನೋಡುವ ಚಿತ್ರವೊಂದಿದೆ. ಕತ್ತಲೆ ಮಾಡಿದ ಕೋಣೆಯಲ್ಲಿ, ಕೈಯಲ್ಲಿ ದೀಪವನ್ನು ಹಿಡಿದು, ಇನ್ನೊಂದು ಕೈಯನ್ನು ಮರೆಯಾಗಿ ಒಡ್ಡಿ ನಿಂತ ತರುಣಿ. ಬೆಳಕು ಬೆರಳುಗಳ ಸಂದಿನಿಂದ ಕೆಂಪಾಗಿ ಸೋರಿ ಮುಖವನ್ನೂ ಸೀರೆಯನ್ನೂ ಬೆಳಗುತ್ತದೆ. ಹಲವು ವರ್ಷ ನಾನು ವಿದ್ಯಾರ್ಥಿಗಳಿಗೆ ದೀಪಕಾಲಂಕಾರವನ್ನೂ ಇಂದುಮತಿಯ ಸ್ವಯಂವರದ ದೀಪಶಿಖೆಯ ಉಪಮೆಯನ್ನೂ ಹೇಳುವಾಗ, ‘ರವಿವರ್ಮನ ದೀಪದ ಹುಡುಗಿಯನ್ನು ನೋಡಿದ್ದೀರಷ್ಟೆ?’ ಎಂದು ಉದಾಹರಿಸುತ್ತಿದ್ದೆ. ಒಂದು ವರ್ಷ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಬಹಳ ಸಂಕೋಚದಿಂದ, ‘ಅದು ರವಿವರ್ಮನದಲ್ಲ, ಗುರುಗಳೆ, ಹಲ್ದಣಕರ್ ಎಂದು ಬರೆದಿದೆ’ ಎಂದನು. ಹೋಗಿ ನೋಡಿದೆ. ಹುಡುಗ ಹೇಳಿದುದೇ ಸರಿ. ಸಾವಂತವಾಡಿಯಲ್ಲಿ ೧೮೮೨ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಿತು ಕಲಿಸಿದ ಎಸ್. ಎಲ್. ಹಲ್ದಣಕರರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಚಿತ್ರವದು. ಕಾಲ ೧೯೪೦ರ ದಶಕದ ನಡುವಣದು, ಎಂದರೆ ರವಿವರ್ಮನು ತೀರಿಹೋಗಿ ಸುಮಾರು ನಲವತ್ತು ವರ್ಷಗಳ ಮೇಲೆ. ಅಷ್ಟೇ ಅಲ್ಲ, ಅದು ತೈಲವರ್ಣವಲ್ಲ, ಜಲವರ್ಣ. ತೈಲದಲ್ಲಿ ತಪ್ಪಿದರೆ ಮೇಲೆ ಮತ್ತೆ ಬಳಿದು ತಿದ್ದಬಹುದು; ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪನ್ನು ಮೊದಲೇ ಉಳಿಸಿಕೊಂಡದ್ದು, ಕತ್ತಲೆಯನ್ನು ಸುತ್ತಲೂ ತಂದು ನಿಲ್ಲಿಸಿದ್ದು. ಚಿತ್ರದಲ್ಲಿ ದೀಪದ ಕುಡಿಯೇ ಕಾಣಿಸದೆ ಬೆಳಕು ಮಾತ್ರ ಕಾಣುವ ಚಾತುರ್ಯಕ್ಕೆ ಈ ಕಷ್ಟವನ್ನು ಸೇರಿಸಿದರೆ, ನಾನು ಎಷ್ಟು ದೊಡ್ಡ ಕಲಾವಿದನ ಹೆಸರನ್ನು ನುಂಗಿದ್ದೆನೆಂಬುದು ಗೊತ್ತಾಗುವುದು.

ಒಂದು ಪದ್ಯವನ್ನು ಪಂಪನದೆಂದು ರನ್ನನ ಹೆಸರಿನಲ್ಲಿ ಯಾರಾದರೂ ಉದಾಹರಿಸಿದ್ದರೆ ನಾನು ಪತ್ರಿಕೆಗೆ ನಾಲ್ಕು ಪುಟದ ಖಂಡನೆಯನ್ನು ಬರೆದು ಕಳುಹುತ್ತಿದ್ದೆನು. ಚಿತ್ರದ ವಿಷಯದಲ್ಲಿ ಗೋಡೆಯ ಮೇಲಿದ್ದ ಹೆಸರನ್ನು ಓದುವ ಶ್ರಮವನ್ನೂ ಪಡಲಿಲ್ಲ. ಈ ತಪ್ಪನ್ನು ನನ್ನಂತೆ ಮಾಡುವವರು ಈಗಲೂ ಅಸಂಖ್ಯರು. ಕಾರಣವನ್ನು ಹುಡುಕಿದರೆ ಹೀಗೆ ತೋರುತ್ತದೆ: ಅಚ್ಚಿನ ಪಟಗಳ ದೆಸೆಯಿಂದ ರವಿವರ್ಮನೆಂಬುದು ನಮ್ಮ ಜನಕ್ಕೆ ಒಬ್ಬ ಮನುಷ್ಯನ ಹೆಸರಾಗಿ ಉಳಿಯಲಿಲ್ಲ, ಸೀರೆಯುಟ್ಟ ಸುಂದರಿಯ ಚಿತ್ರಕ್ಕೆಲ್ಲ ಅದೇ ಅಂಕಿತವಾಯಿತು. ಮಂಡನೆಯಿಲ್ಲದ ತ್ರಿಪದಿಗಳೆಲ್ಲ ಸರ್ವಜ್ಞನವು, ಕರ್ತೃ ತಿಳಿಯದ ಸುಭಾಷಿತಗಳೆಲ್ಲ ಭರ್ತೃಹರಿಯವು ಎಂದಾದ ಹಾಗೆ. ಗ್ರಂಥಸಂಪಾದನೆಯಲ್ಲಿ ಈ ರೋಗಕ್ಕೆ ನಾವು ಔಷಧವನ್ನು ಕಂಡುಕೊಂಡಿದ್ದೇವೆ. ಚಿತ್ರಗಳಿಗೂ ಪಾಠಪರಿಷ್ಕರಣವುಂಟು, ಕರ್ತೃವಿಚಾರವುಂಟು, ಕಾಲವಿಚಾರವುಂಟು; ಅವುಗಳಿಗೆ ಹಸ್ತಪ್ರತಿ ಚಿತ್ರಶಾಲೆ.

ಚಿತ್ರಶಾಲೆಗೆ ೧೯೫೫ರಲ್ಲಿ ಜಯಚಾಮರಾಜೇಂದ್ರರ ಹೆಸರು ಬಂದಿತು. ಆಮೇಲೆ ರಾಜ್ಯವು ಏಕೀಕೃತವಾಯಿತು, ೧೯೭೧ರಲ್ಲಿ ರಾಜಧನವೂ ನಿಂತಿತು. ಚಿತ್ರಶಾಲೆ ತೆರೆದೇ ಇದ್ದಿತು. ನಿಕೊಲಾಸ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ಕರ ಚಿತ್ರಗಳೂ, ಹಳೆಯ ವಾದ್ಯಗಳೂ, ಅರಮನೆಯ ಸಾಮಾನುಗಳೂ ಅಲ್ಲಿವೆ. ಸೆಕೆಂಡಿಗೊಮ್ಮೆ ಡೋಲು ಬಡಿಯುವ, ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಮೆರವಣಿಗೆ ಹೊರಡುವ ಫ್ರಾನ್ಸಿನ ಗಡಿಯಾರವೊಂದಿದೆ. ಭೂತಗನ್ನಡಿಯಲ್ಲಿ ನೋಡಬೇಕಾದ, ಅಕ್ಕಿಯ ಕಾಳಿನ ಮೇಲೆ ಬರೆದ ಚಿತ್ರವಿದೆ. ಸಾಮಾನ್ಯವಾಗಿ ಗುಂಪು ಸೇರುವುದು ಇವೆರಡರ ಮುಂದೆ. ನಾನದನ್ನು ಹಳಿಯುವುದಿಲ್ಲ. ಕೌತುಕನಿಧಿಯನ್ನು ಬರೆಯಿಸಿದ ಅರಸರ ಮನೆಯಲ್ಲಿ ಕೌತುಕಕ್ಕೂ ಒಂದು ಮೂಲೆ ಇರತಕ್ಕದ್ದೇ. ಅಕ್ಕಿಯ ಕಾಳನ್ನು ನೋಡಲು ಬಂದ ಹುಡುಗನು ದಾರಿಯಲ್ಲಿ ವಂಶಾವಳಿಯ ಗೋಡೆಯ ಮುಂದೆ ಎರಡು ನಿಮಿಷ ನಿಂತರೂ ಲಾಭವೇ.

ಚಿಂತೆಯಿರುವುದು ಆ ಗೋಡೆಯ ವಿಷಯದಲ್ಲಿಯೇ. ಚೌಕಟ್ಟಿನ ಚಿತ್ರಕ್ಕೆ ಅಪಾಯ ಬಂದರೆ ಬೇರೆ ಕೋಣೆಗೆ ಒಯ್ಯಬಹುದು. ಜಲವರ್ಣವನ್ನು ಬೆಳಕಿನಿಂದ ಮರೆಮಾಡಿ ಕೆಲವು ತಿಂಗಳು ವಿಶ್ರಾಂತಿ ಕೊಡಬಹುದು. ಭಿತ್ತಿಚಿತ್ರವು ಕಟ್ಟಡದ ಮೈಚರ್ಮ. ಮಾಡು ಸೋರಿದರೆ, ಗಾರೆಯಲ್ಲಿ ತೇವ ನಿಂತರೆ, ಉಪ್ಪು ಮೇಲಕ್ಕೆದ್ದು ಬಣ್ಣವನ್ನು ಹೊರಗೆ ನೂಕುವುದು. ಅದನ್ನು ಮತ್ತೆ ಬರೆಯಿಸಿದರೆ ಹೊಸ ಚಿತ್ರವಾಯಿತೇ ಹೊರತು ಹಳೆಯದು ಬರಲಿಲ್ಲ. ರವಿವರ್ಮನ ಚಿತ್ರಗಳಿಗೆ ಕಳೆ ಬಂದರೆ ಊರೆಲ್ಲ ಕೂಗುವುದು, ಸಂತಾನಾಂಬುಜದ ಒಂದು ಎಸಳು ಉದುರಿದರೆ ಕೇಳುವವರು ಕಡಮೆ. ಹಾಗಾಗದಿರಲೆಂದು ಭಿತ್ತಿಗಳ ಸಮಗ್ರ ವರ್ಣನೆಯನ್ನು, ಶಾಸನಗಳಿಗೆ ಮಾಡುವಂತೆ ಗೋಡೆಗೋಡೆಯಾಗಿ, ಅಂಗುಲಮಾನದೊಡನೆ ಕನ್ನಡದಲ್ಲಿ ಅಚ್ಚುಮಾಡಿಸುವುದು ಆಗಬೇಕಾದ ಕೆಲಸ. ಶ್ರೀತತ್ತ್ವನಿಧಿಯ ಪ್ರತಿಯನ್ನು ಕಾಪಾಡಿಕೊಂಡು ಬಂದಿರುವ, ೧೮೯೧ರಷ್ಟು ಹಳೆಯದಾದ ಪ್ರಾಚ್ಯವಿದ್ಯಾಸಂಶೋಧನಾಲಯವು ಅದೇ ಊರಿನಲ್ಲಿದೆ. ಗ್ರಂಥವನ್ನೂ ಗೋಡೆಯನ್ನೂ ಎದುರುಬದುರಾಗಿ ಇಟ್ಟು ನೋಡಲು ಇದಕ್ಕಿಂತ ಅನುಕೂಲವಾದ ಊರು ಬೇರೆ ಯಾವುದು?

ಕೆಲವು ವರ್ಷಗಳಿಂದ ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಮುಂಚೆ ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ೨೧, ೨೨ನೆಯ ಸರ್ಗಗಳನ್ನು ಓದಿಸುತ್ತೇನೆ. ರಾಮನು ದರ್ಭೆಯನ್ನು ಹಾಸಿ ಸಮುದ್ರತೀರದಲ್ಲಿ ಮೂರು ರಾತ್ರಿ ಕಾದು ಮಲಗುತ್ತಾನೆ, ಸಾಗರನು ಬಾರನು, ಕೋಪದಿಂದ ಬಿಲ್ಲನ್ನು ಎತ್ತುತ್ತಾನೆ, ಲಕ್ಷ್ಮಣನು ಓಡಿಬಂದು ಬಿಲ್ಲನ್ನು ಹಿಡಿಯುತ್ತಾನೆ, ಕೊನೆಗೆ ಸಾಗರನು ಕೈಮುಗಿದು ಏಳುತ್ತಾನೆ. ಇದನ್ನು ಓದಿ ಹೋದವರು ಚಿತ್ರದ ಮುಂದೆ ಸುಮ್ಮನೆ ನಿಲ್ಲುವುದಿಲ್ಲ, ಚಿತ್ರಗಾರನು ಏನನ್ನು ಆರಿಸಿದನು, ಏನನ್ನು ಬಿಟ್ಟನು ಎಂದು ಲೆಕ್ಕ ಕೇಳಲಾರಂಭಿಸುತ್ತಾರೆ. ಕಳೆದ ಸಲ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ತೆರೆದು ಹಿಡಿದುಕೊಂಡೇ, ‘ಆ ಮೂರು ರಾತ್ರಿಗಳು ಇಲ್ಲಿ ಎಲ್ಲಿವೆ, ಗುರುಗಳೆ?’ ಎಂದು ಕೇಳಿದಳು. ಇನ್ನೊಬ್ಬನು ರಾಮನ ಹುಬ್ಬನ್ನು ತೋರಿಸಿ, ಅಲ್ಲಿವೆ ಎಂದನು. ಅವಳು ಒಪ್ಪಲಿಲ್ಲ. ಅವರ ವಾದ ತೀರುವುದರೊಳಗೆ ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲಿನವರು ಬಂದರು. ಮೆಟ್ಟಿಲಿಳಿಯುವಾಗಲೂ ಅದೇ ಮಾತು ನಡೆದಿತ್ತು.